ನಲವತ್ತು ಪೊಟ್ಟಣ ಬೆಣ್ಣೆಹಣ್ಣು

ಬೆಣ್ಣೆಹಣ್ಣನ್ನು ಎರಡು ತಿಂಗಳು ಕೆಡದಂತೆ ಇಡುವುದು ಹೇಗೆಂದು ಕೇಳಿದರೆ ನಾನು ಹೇಳಬಲ್ಲೆ. ಐವತ್ತೊಂಬತ್ತನೆಯ ಇಸವಿಯಲ್ಲಿ ಅರಕಲಗೂಡಿನ ಸುತ್ತಮುತ್ತ ಆ ವಿದ್ಯೆ ಬಲ್ಲ ಗೌಡತಿ ನಾನೊಬ್ಬಳೇ. ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಹಣ್ಣಿನ ತಪ್ಪಿಲ್ಲ, ನಿಂಬೆಹುಳಿಯ ತಪ್ಪಿಲ್ಲ, ತಂಪಿನ ಪೆಟ್ಟಿಗೆಯ ತಪ್ಪೂ ಇಲ್ಲ. ನಮ್ಮವರೆಲ್ಲ ಇವತ್ತಿಗೂ ಆದದ್ದನ್ನು ಹಣೆಬರಹ ಎನ್ನುತ್ತಾರೆ. ಹಣೆಬರಹವಂತೆ! ಮಾಡುವುದನ್ನೆಲ್ಲ ಮಾಡಿ ಹಣೆಯ ಮೇಲೆ ಹೊರಿಸುವುದು ಎಷ್ಟು ಸುಲಭ. ನಾನು ಹಾಗೆ ಹೊರಿಸಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನನ್ನನ್ನು ಬೆಳೆಸಿದರು. ಕಾಗದದ ಮೇಲೆ ಬರೆಯಬಾರದೆಂದು ಯಾರೂ ಹೇಳಿಲ್ಲ. ಪಾಲಾಕ್ಷ. ಆಗ ಅವರಿಗೆ ಮೂವತ್ತೆರಡು, ನನಗೆ ಇಪ್ಪತ್ತಾರು. ಮಕ್ಕಳಾಗಿರಲಿಲ್ಲ. ಆ ವರ್ಷದ ಯುಗಾದಿಯ ದಿನ ಅವರಿಗೆ ಹೋಳಿಗೆ ಗಂಟಲಿನಿಂದ ಕೆಳಗೆ ಎಲ್ಲೋ ಸಿಕ್ಕಿಕೊಂಡಿತು. ನೀರು ಕುಡಿದು ಇಳಿಸಿದರು. ಆಷಾಢದ ಹೊತ್ತಿಗೆ ಮುದ್ದೆ ಇಳಿಯದಾಯಿತು. ನಮ್ಮ ಕಡೆ ಗಂಡಸಿಗೆ ಮುದ್ದೆ ಇಳಿಯಲಿಲ್ಲ ಎಂದರೆ ಅರ್ಧ ಹೋದ ಹಾಗೆಯೇ. ಹಾಲು ಕುಡಿದರೆ ಹಿಂದಕ್ಕೆ ಬರುತ್ತಿತ್ತು. ರಾಗಿ ಗಂಜಿಯೊಂದು ಇಳಿಯುತ್ತಿತ್ತು, ಆದರೆ ಮೈಗೆ ಹಿಡಿಯುತ್ತಿರಲಿಲ್ಲ.

ಹಾಸನದ ಡಾಕ್ಟರು ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳ ಒಂದು ಕಡೆ ಕುಗ್ಗಿ ನೂಲಿನಷ್ಟಾಗಿದೆ, ಕೆಟ್ಟ ಗಡ್ಡೆಯಲ್ಲ, ಅಷ್ಟನ್ನು ಕತ್ತರಿಸಿ ಹೊಲಿದರೆ ಮನುಷ್ಯ ಎಲ್ಲರ ಹಾಗೆ ಉಂಡುಕೊಂಡು ಇರುತ್ತಾನೆ ಎಂದರು. ಆ ಆಪರೇಷನ್ ಮದರಾಸಿನ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಆಗುತ್ತಿತ್ತು. ಬರೆದು ಕೇಳಿದರು. ಕಾರ್ತಿಕ ಹುಣ್ಣಿಮೆ ಕಳೆದ ವಾರಕ್ಕೆ ದಿನ ಕೊಟ್ಟರು.

"ಒಂದು ಮಾತು ನೆನಪಿರಲಿ ಅಮ್ಮ," ಎಂದರು ಡಾಕ್ಟರು, ನನ್ನ ಕಡೆಗೇ ತಿರುಗಿ. "ಇವತ್ತು ಎಂಬತ್ತನಾಲ್ಕು ಪೌಂಡ್ ಇದ್ದಾರೆ. ತೊಂಬತ್ತು ಆಗಬೇಕು. ತೊಂಬತ್ತಕ್ಕೆ ಕಡಿಮೆ ಇದ್ದರೆ ಅವರು ಕತ್ತಿ ಮುಟ್ಟೋದಿಲ್ಲ. ಮುಟ್ಟಿದರೂ ಮನುಷ್ಯ ಮೇಜಿನ ಮೇಲಿಂದ ಏಳೋದಿಲ್ಲ. ನಿಮ್ಮ ಕಡೆ ಬೆಣ್ಣೆಹಣ್ಣು ಸಿಗುತ್ತಾ?"

ಸಿಗುವುದೇನು, ನಮ್ಮ ಹಿತ್ತಿಲಲ್ಲೇ ಒಂದು ಮರವಿತ್ತು. ನಮ್ಮ ಮಾವ ತಿಮ್ಮಪ್ಪಗೌಡರು ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬನಿಗೆ ಎತ್ತು ಮಾರಿದಾಗ ಆತ ಖುಷಿಯಾಗಿ ಕೊಟ್ಟ ಸಸಿ ಅದು. ಇಪ್ಪತ್ತು ವರ್ಷ ಬಿಟ್ಟ ಹಣ್ಣನ್ನು ಮನೆಯವರು ಯಾರೂ ತಿಂದಿರಲಿಲ್ಲ. ಸಿಹಿಯಲ್ಲ, ಹುಳಿಯಲ್ಲ, ಅದೆಂಥ ಹಣ್ಣು ಎಂದು ನಾಯಿಗೆ ಹಾಕುತ್ತಿದ್ದೆವು. ನಾಯಿ ಮಾತ್ರ ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿಯಾದರೂ ನಮಗೆ ಬುದ್ಧಿ ಬರಬೇಕಿತ್ತು.

ಬೆಣ್ಣೆಹಣ್ಣಿನ ತಿರುಳನ್ನು ಬೆಲ್ಲದ ಪುಡಿಯ ಜೊತೆ ಕಿವುಚಿ ಗಂಜಿಗೆ ಕದಡಿ ಕೊಟ್ಟೆ. ಇಳಿಯಿತು. ನಿಂತಿತು. ಪ್ರತಿ ಸೋಮವಾರ ಆಲೂಗೆಡ್ಡೆ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಅವರನ್ನು ಕೂರಿಸಿ ಇನ್ನೊಂದಕ್ಕೆ ತೂಕದ ಕಲ್ಲು ಹಾಕುತ್ತಿದ್ದೆವು. ತೊಂಬತ್ತು ಪೌಂಡೆಂದರೆ ನಮ್ಮ ತೂಕದಲ್ಲಿ ಮೂರು ಮುಕ್ಕಾಲು ಮಣ. ಗಂಡನನ್ನು ಆಲೂಗೆಡ್ಡೆಯ ಹಾಗೆ ತೂಗಿದ ಹೆಂಡತಿ ಎಂದು ಊರಲ್ಲಿ ನಗಾಡಿದರು. ನಕ್ಕರೆ ನಗಲಿ ಎಂದುಕೊಂಡೆ. ಮೂರೂವರೆ ಇದ್ದದ್ದು ಶ್ರಾವಣದಲ್ಲಿ ಚೂರುಚೂರಾಗಿ ಏರಿ ಗೌರಿ ಹಬ್ಬದ ಮಾರನೆಯ ಸೋಮವಾರ ತೂಕ ಮೂರು ಮುಕ್ಕಾಲು ದಾಟಿತು. ನಮ್ಮ ಮಾವ ಅವತ್ತು ತಕ್ಕಡಿಗೆ ಕೈಮುಗಿದರು.

ಆದರೆ ಮರ ಬರಿದಾಗುತ್ತಾ ಬಂದಿತ್ತು. ಬೆಣ್ಣೆಹಣ್ಣಿನ ಕಾಲ ದಸರಾಕ್ಕೆ ಮುಗಿಯುತ್ತದೆ, ನಮಗೆ ಬೇಕಾದದ್ದು ಕಾರ್ತಿಕ ಹುಣ್ಣಿಮೆ ಕಳೆಯುವವರೆಗೆ. ನಡುವೆ ನಲವತ್ತು ದಿನ. ಆಗ ದಾರಿ ತೋರಿಸಿದವನು ಮಂಚಯ್ಯ.

ಮಂಚಯ್ಯ ನಮ್ಮ ಹೊಲದಲ್ಲಿ ಗೇಯುತ್ತಿದ್ದ ಕೇರಿಯವನು. ಹರೆಯದಲ್ಲಿ ಅದೇ ದೊರೆಯ ಬಂಗಲೆಯಲ್ಲಿ ಅಡುಗೆಯವನ ಕೈಕೆಳಗಿದ್ದ. ದೊರೆ ದೇಶ ಬಿಟ್ಟು ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಎಲ್ಲರೂ ಮಂಚ ಕುರ್ಚಿ ಕೂಗಿದರೆ ನಮ್ಮ ಮಾವ ಸೀಮೆಎಣ್ಣೆಯ ತಂಪಿನ ಪೆಟ್ಟಿಗೆ ಕೂಗಿ ಗಾಡಿಯಲ್ಲಿ ಹೇರಿಕೊಂಡು ಬಂದರು. ಊರಲ್ಲಿ ಕರೆಂಟಿನ ಕಂಬವೇ ಇರಲಿಲ್ಲ. ಆ ಪೆಟ್ಟಿಗೆಗೆ ಕರೆಂಟು ಬೇಡ. ಕೆಳಗೆ ಎಣ್ಣೆಯ ತೊಟ್ಟಿ, ಅದರಲ್ಲಿ ದುಂಡನೆಯ ಬತ್ತಿ, ನೀಲಿ ಉರಿ. ಕೆಳಗೆ ಬೆಂಕಿ ಉರಿದರೆ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಅದು ಹೇಗೆಂದು ನನಗೆ ಇವತ್ತಿಗೂ ತಿಳಿಯದು. ಅಮಲ್ದಾರರು ಬಂದಾಗ ಮಜ್ಜಿಗೆಗೆ ಗಡ್ಡೆ ಹಾಕಿ ಕೊಡುವುದು ನಮ್ಮ ಮಾವನಿಗೆ ಒಂದು ದೊಡ್ಡಸ್ತಿಕೆ.

ಬತ್ತಿ ಕತ್ತರಿಸಿ ಉರಿಯನ್ನು ನೀಲಿಯಾಗಿ ನಿಲ್ಲಿಸುವುದು ಮಂಚಯ್ಯನೊಬ್ಬನಿಗೇ ಗೊತ್ತಿತ್ತು. ಅವನು ಮನೆಯೊಳಗೆ ಬರುವಂತಿರಲಿಲ್ಲವಲ್ಲ, ಅದಕ್ಕೇ ಪೆಟ್ಟಿಗೆಯನ್ನು ಹಿತ್ತಿಲ ಜಗಲಿಯಲ್ಲಿಟ್ಟೆವು. ಅಂಗಳದಲ್ಲಿ ಕೂತು ಕೈ ಚಾಚಿ ಅವನು ಬತ್ತಿ ಸರಿಮಾಡುತ್ತಿದ್ದ. ಮೇಲಿನ ಬಾಗಿಲನ್ನು ಮಾತ್ರ ಮುಟ್ಟುವಂತಿರಲಿಲ್ಲ. ಕೆಳಗಿನ ಬೆಂಕಿ ಅವನದು, ಮೇಲಿನ ತಂಪು ನಮ್ಮದು. ದೊರೆಯ ಊಟವನ್ನೆಲ್ಲ ಮಾಡಿದ ಕೈ ಅದು, ನಮ್ಮ ಮಜ್ಜಿಗೆಗೆ ಆಗುತ್ತಿರಲಿಲ್ಲ. ಆಗ ಇದು ನನಗೆ ವಿಚಿತ್ರವೆನ್ನಿಸಲಿಲ್ಲ ಎಂಬುದನ್ನೂ ಬರೆದುಬಿಡಬೇಕು.

ಹಣ್ಣು ಮುಗಿಯುತ್ತಿದೆಯೆಂದು ನಾನು ಕಣ್ಣೀರು ಹಾಕುತ್ತಿದ್ದಾಗ ಅವನು ಬತ್ತಿ ಕತ್ತರಿಸುತ್ತಾ ಹೇಳಿದ: "ಅಳ್ಬ್ಯಾಡಿ ಅವ್ವಾರೆ. ದೊರೆಸಾನಿ ಈ ಬೆಣ್ಣೆಅಣ್ಣ ಗಡ್ಡೆ ಕಟ್ಸಿ ಕ್ರಿಸ್‌ಮಸ್ ಗಂಟ ಮಡಗೋರು. ನಾನೇ ಮಾಡಿಕೊಡ್ತಿದ್ದೆ. ಏಳ್ಕೊಡ್ತೀನಿ, ನೀವ್ ಮಾಡಿ."

ಮರದಲ್ಲಿ ಉಳಿದ ಕಾಯನ್ನೆಲ್ಲ ಇಳಿಸಿದೆವು. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ. ರಾಗಿ ತುಂಬಿದ ಮಣ್ಣಿನ ವಾಡೆಯಲ್ಲಿ ಹೂತಿಟ್ಟು ದಿನವೂ ತೊಟ್ಟಿನ ಹತ್ತಿರ ಒತ್ತಿ ನೋಡಿ, ಮೆತ್ತಗಾದವನ್ನಷ್ಟೇ ತೆಗೆಯುತ್ತಿದ್ದೆ. ಜಗಲಿಯಲ್ಲಿ ನಾನು, ಅಂಗಳದ ನುಗ್ಗೆಮರದ ಬುಡದಲ್ಲಿ ಮಂಚಯ್ಯ. ಅವನು ಹೇಳಿದ ಹಾಗೆ ಹೋಳು ಮಾಡಿ, ಬೀಜ ತೆಗೆದು, ತಿರುಳನ್ನು ಕಲ್ಲು ಮರಿಗೆಯಲ್ಲಿ ಕಿವುಚಿದೆ.

"ನಿಂಬೆಹುಳಿ ಬುಡಿ. ಇಲ್ದಿದ್ರೆ ಕರ್ರಗಾಯ್ತದೆ. ಇನ್ನೊಂಚೂರು. ಆಂ, ಸಾಕು. ಈಗ ಎಲೆಗೆ ಆಕಿ ಒತ್ತಿ, ಒಳಗೆ ಗಾಳಿ ಇರ್‍ಬಾರ್ದು. ಗಾಳಿಯೇ ಅದುಕ್ಕೆ ಯಮ."

ದೊರೆಸಾನಿಯ ಹತ್ತಿರ ಅದಕ್ಕೆ ಡಬ್ಬಿಗಳಿದ್ದವಂತೆ. ನಾನು ಬಾಳೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಒಂದು ಹೊತ್ತಿನ ತಿರುಳನ್ನು ಹೋಳಿಗೆಯಷ್ಟು ಚಪ್ಪಟೆ ತಟ್ಟಿ, ಮಡಿಸಿ, ನಾರಿನಿಂದ ಕಟ್ಟಿದೆ. ಚಪ್ಪಟೆಯಾದ್ದರಿಂದ ಒಂದರ ಮೇಲೊಂದು ಜೋಡಿಸಲು ಬಂತು. ಗಡ್ಡೆ ಕಟ್ಟುವ ಗೂಡು ಚಿಕ್ಕದು, ಅದರಲ್ಲಿ ಸರಿಯಾಗಿ ನಲವತ್ತು ಪೊಟ್ಟಣ ಹಿಡಿಯಿತು. ಮಾರನೆಯ ದಿನ ಒಂದನ್ನು ಬಡಿದು ನೋಡಿದೆ, ಹಲಗೆಯ ಹಾಗೆ ಸದ್ದಾಯಿತು. ಮುಂದೆ ಮೊದಲನೆಯದನ್ನು ಬೆಳಿಗ್ಗೆ ಹೊರಗಿಟ್ಟರೆ ಮಧ್ಯಾಹ್ನಕ್ಕೆ ಮೆತ್ತಗಾಗಿ ಹಸಿರಾಗಿ ನಿನ್ನೆ ಕಿತ್ತ ಹಣ್ಣಿನ ಹಾಗಿತ್ತು. ನನ್ನ ಗಂಡ ಬೆರಳಲ್ಲಿ ನೆಕ್ಕಿ, "ಏನಮ್ಮಿ, ದೊರೆಸಾನಿ ಆಗ್ಬುಟ್ಟೆಯಲ್ಲ," ಎಂದರು. ಎಷ್ಟೋ ದಿನದ ಮೇಲೆ ಅವರು ತಮಾಷೆ ಮಾಡಿದ್ದು.

ಮಂಚಯ್ಯ ಒಂದು ಎಚ್ಚರಿಕೆ ಹೇಳಿದ್ದ. "ಒಂದ್ ಸಲ ಕರಗಿದ್ದ ತಿರ್‍ಗ ಗಡ್ಡೆ ಕಟ್ಸಂಗಿಲ್ಲ ಅವ್ವಾರೆ. ಉಳಿ ತಿರುಗ್ತದೆ, ಒಟ್ಟೆಗೆ ವಿಸ. ದೀಪ ಒಂದು ಆರದಂಗೆ ನೋಡ್ಕಳಿ, ಸಾಕು."

ದೀಪ ಎಂದೇ ಅವನು ಅದನ್ನು ಕರೆಯುತ್ತಿದ್ದದ್ದು.

ಇನ್ನೊಬ್ಬರ ವಿಚಾರ ಹೇಳಬೇಕು. ನಮ್ಮ ಮಾವನ ಅಕ್ಕ ಹೊನ್ನಕ್ಕ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು, ಗಂಡ ಬೇಗ ಹೋದ. ನನ್ನ ಗಂಡನ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಹಸುಗೂಸನ್ನು ಎತ್ತಿಕೊಂಡು ಸಾಕಿದವರು ಅವರೇ. ಹೆತ್ತಿರಲಿಲ್ಲ ಅಷ್ಟೆ. ಪಾಲಾಕ್ಷನಿಗೆ ಇಳಿಯದ ಮುದ್ದೆ ತನಗೂ ಬೇಡವೆಂದು ಆಷಾಢದಿಂದ ಮುದ್ದೆ ಬಿಟ್ಟಿದ್ದರು. ಅವರ ಬಾಯಿಗೆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದೆವು, ಮಾವ ಸಹಿತ. ಗೌರಿ ಹಬ್ಬಕ್ಕೆ ಬಂದಾಗ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, "ಬೆಂಕಿ ಮ್ಯಾಲೆ ಮಡಗಿದ್ದು ತಣ್ಣಗಾಯ್ತದೆ ಅಂದ್ರೆ ಏನಪ್ಪ ಇದು? ಒಲೆಗೆ ಮಾಡೋ ಅವಮಾನ," ಎಂದಿದ್ದರು. ನಾವು ನಕ್ಕಿದ್ದೆವು.

ಆ ಮೊದಲ ಪೊಟ್ಟಣ ತೆಗೆದದ್ದು ವಿಜಯದಶಮಿಯ ಮಾರನೆಯ ದಿನ. ಹನ್ನೆರಡು ದಿನ ಹನ್ನೆರಡು ಪೊಟ್ಟಣ. ತಕ್ಕಡಿಯಲ್ಲಿ ತೂಕ ಅಲ್ಲೇ ನಿಂತಿತ್ತು. ಹದಿಮೂರನೆಯ ದಿನ ಬೆಳಿಗ್ಗೆ ಮಂಚಯ್ಯ ಸೀಮೆಎಣ್ಣೆ ತರಲು ಅರಕಲಗೂಡಿಗೆ ಹೋಗಿದ್ದ. ನಮ್ಮ ಮಾವ ಹಿತ್ತಿಲಿಗೆ ಹೋದವರು ಮರದ ತುದಿಯಲ್ಲಿ ಎಲೆಯ ಮರೆಗೆ ಒಂದು ಕಾಯಿ ಉಳಿದದ್ದನ್ನು ಕಂಡರು. ನಲವತ್ತು ಇದೆ, ಸಾಕು ಎಂದು ಬಿಟ್ಟುಬಿಡಬಹುದಿತ್ತು. ಅರವತ್ತೆಂಟು ವರ್ಷದ ಮುದುಕ ಪಂಚೆ ಎತ್ತಿ ಕಟ್ಟಿ ಮರ ಹತ್ತಿದರು. ಬೆಣ್ಣೆಹಣ್ಣಿನ ಕೊಂಬೆಗೆ ನುಗ್ಗೆಯ ಹಾಗೆ ಗಟ್ಟಿಯಿಲ್ಲ. ಲಟಕ್ ಎಂದ ಸದ್ದಿಗೆ ನಾನು ಓಡಿಬಂದಾಗ ಅವರು ಕಲ್ಲುಚಪ್ಪಡಿಯ ಮೇಲೆ ಬಿದ್ದಿದ್ದರು. ಕಾಯಿ ಕೈಯಲ್ಲೇ ಇತ್ತು. ಉಸಿರಿರಲಿಲ್ಲ.

ಎಣ್ಣೆಯ ಡಬ್ಬ ಹೊತ್ತು ಬಂದ ಮಂಚಯ್ಯನನ್ನು ನಿಂತ ಕಾಲಲ್ಲೇ ಸಾವಿನ ಸುದ್ದಿ ಹೇಳಲು ಕಳಿಸಿದರು. ಸುದ್ದಿ ಹೊರುವುದು ಕೇರಿಯವರ ಕೆಲಸವೆಂದು ಊರಿನ ಕಟ್ಟಳೆ. ಮೊದಲು ಬಸ್ಸಿನಲ್ಲಿ ಚನ್ನರಾಯಪಟ್ಟಣ, ಆಮೇಲೆ ಹೊಳೆನರಸೀಪುರದ ನನ್ನ ತವರು, ಆಮೇಲೆ ಉಳಿದ ನೆಂಟರು. ಬರುವುದು ಮಾರನೆಯ ದಿನವೇ. ಅಷ್ಟು ಅವಸರದಲ್ಲೂ ಅವನು ತೊಟ್ಟಿಗೆ ಎಣ್ಣೆ ತುಂಬಿ, ಕಣ್ಣೊರೆಸಿಕೊಂಡು, "ದೀಪ ನೋಡ್ಕಳಿ ಅವ್ವಾರೆ," ಎಂದು ಹೇಳಿಯೇ ಹೋದ.

ಹೊನ್ನಕ್ಕ ಬಾಡಿಗೆ ಕಾರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಬಂದರು. ತಮ್ಮನ ಮೈಮೇಲೆ ಬಿದ್ದು ಅತ್ತರು. ಸಂಜೆಗೆ ಮುಂಚೆ ಹೆಣ ಎತ್ತಿದರು. ಇಬ್ಬರು ರಟ್ಟೆ ಹಿಡಿದುಕೊಂಡಿದ್ದರೂ ನನ್ನ ಗಂಡ ತೋಟದವರೆಗೆ ನಡೆದೇ ಹೋಗಿ ಅಪ್ಪನನ್ನು ಮಣ್ಣು ಮಾಡಿ ಬಂದರು. ಹೆಂಗಸರು ಮನೆಯಲ್ಲಿ ಉಳಿದು ನೆಲ ತೊಳೆದೆವು.

ನಮ್ಮಲ್ಲಿ ಹೆಣ ಎತ್ತಿದ ಮೇಲೆ ಮನೆಯ ಒಲೆ ಆರಿಸಬೇಕು. ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟು ಬಂದ ಮೇಲೇ ಮತ್ತೆ ಹಚ್ಚುವುದು. ಅಲ್ಲಿಯತನಕ ಊಟ ಬೇರೆಯವರ ಮನೆಯಿಂದ. ಒಂದು ದೀಪ ಮಾತ್ರ ಇರುತ್ತದೆ, ಸತ್ತವರ ತಲೆಯಿದ್ದ ಜಾಗದಲ್ಲಿ, ಅದು ಆರಬಾರದು. ಮನೆಯ ಸೊಸೆಯೇ ಒಲೆ ಆರಿಸಬೇಕು. ನಾನು ಅಡುಗೆಮನೆಯ ಒಲೆಗೆ ನೀರು ಹಾಕಿದೆ, ಬಚ್ಚಲ ಹಂಡೆಯ ಒಲೆಗೆ ಹಾಕಿದೆ. ಹೊನ್ನಕ್ಕ ಹಿಂದೆಯೇ ಬಂದು ಬೂದಿಯನ್ನು ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಹಿತ್ತಿಲ ಜಗಲಿಗೆ ಬಂದರು.

"ಇದ್ನೂ ಆರ್‍ಸವ್ವ," ಎಂದರು.

"ಅತ್ತೆಮ್ಮ, ಇದು ಒಲೆ ಅಲ್ಲ. ಇದು ಆರುದ್ರೆ ಅವ್ರ ಅಣ್ಣೆಲ್ಲ ಓಯ್ತದೆ."

"ಮ್ಯಾಲೆ ತಿನ್ನೋದು ಮಡಗಿದ್ಮ್ಯಾಕೆ ಅದು ಒಲೆಯೇ ಕಣವ್ವ. ಕೆಳಗೆ ಬೆಂಕಿ, ಮ್ಯಾಲೆ ಅನ್ನ. ಇನ್ನೇನ್ ಒಲೆ ಅಂದ್ರೆ? ಸಾವಿನ ಮನೇಲಿ ಒಲೆ ಉರುದ್ರೆ ಅದು ಇನ್ನೊಂದ್ ತಲೆ ಕೇಳ್ತದೆ. ಯಾವ ತಲೆ ಕೇಳ್ತದೆ ಅಂತ ನಾನ್ ಏಳ್ಬೇಕಾ ನಿಂಗೆ?"

ನನ್ನ ಎರಡೂ ಕೈ ಹಿಡಿದುಕೊಂಡರು. "ನಂಗೆ ಉಳಿದಿರಾದು ಅವ್ನೊಬ್ಬನೇ ಕಣೆ ಕಾಮಾಕ್ಷಿ. ಮೂರೇ ದಿನ. ಆಸೆ ಬಿದ್ದು ಉರಿ ಮಡಗಬ್ಯಾಡ."

ಸುತ್ತ ಹತ್ತು ಹೆಂಗಸರು ನಿಂತಿದ್ದರು. ಅತ್ತೆಮ್ಮ, ಅದು ದೀಪ, ಮಂಚಯ್ಯ ಅದನ್ನು ದೀಪವೆಂದೇ ಕರೆಯುವುದು ಎಂದು ನಾನು ಹೇಳಬಹುದಿತ್ತು. ದೀಪವಾದರೆ ಇರಬಹುದಲ್ಲ, ಒಳಗೊಂದು ಉರಿಯುತ್ತಲೇ ಇತ್ತಲ್ಲ. ಆ ಹೊತ್ತಿನಲ್ಲಿ ಆ ಮಾತು ನನ್ನ ನಾಲಿಗೆಗೆ ಬರಲಿಲ್ಲ. ಈಗ ದಿನವೂ ಬರುತ್ತದೆ. ನಾನು ಬಗ್ಗಿ ತೊಟ್ಟಿ ಎಳೆದು ಉಫ್ ಎಂದು ಊದಿದೆ. ನೀಲಿ ಉರಿ ಒಂದೇ ಉಸಿರಿಗೆ ಹೋಯಿತು.

ಮೂರು ದಿನಕ್ಕೆ ಏನಾಗುತ್ತದೆ, ಬಾಗಿಲು ತೆಗೆಯದಿದ್ದರೆ ತಂಪು ಹಾಗೇ ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವತ್ತಿನ ಪೊಟ್ಟಣವನ್ನು ಬೆಳಿಗ್ಗೆಯೇ ಹೊರಗಿಟ್ಟಿದ್ದೆ, ಅದನ್ನು ತಿನ್ನಿಸಿದೆ. ಉಳಿದದ್ದು ಇಪ್ಪತ್ತೇಳು.

ಇಷ್ಟಾಗಿದ್ದರೆ ತಪ್ಪನ್ನು ಹೊನ್ನಕ್ಕನ ಮೇಲೆ ಹಾಕಿ ನಾನು ಸುಖವಾಗಿ ಇರಬಹುದಿತ್ತು. ಮಾರನೆಯ ದಿನ ಮಧ್ಯಾಹ್ನ ಮಂಚಯ್ಯ ಬಂದ. ಕಾಲೆಲ್ಲ ಧೂಳು, ತುಟಿ ಒಡೆದಿತ್ತು. ಹಿತ್ತಿಲಿಗೆ ಬಂದವನೇ ಬಗ್ಗಿ ನೋಡಿ, ಬೆಂಕಿ ತಗುಲಿದವನ ಹಾಗೆ ಹಿಂದಕ್ಕೆ ಸರಿದ.

"ಯಾರವ್ವಾರೆ ಆರ್‍ಸಿದ್ದು?"

ಹೇಳಿದೆ.

"ಬಾಗ್ಲು ತೆಗ್ದು ಒಂದ ನೋಡಿ, ಬಿರ್‍ನೆ."

ತೆಗೆದೆ. ಗೂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಪೊಟ್ಟಣಗಳು ಅಂಚಿನಲ್ಲಿ ಮೆತ್ತಗಾಗಿದ್ದವು. ನಡುವೆ ಒತ್ತಿದರೆ ಇನ್ನೂ ಕಲ್ಲಿನ ಹಾಗಿತ್ತು. ಕೆಳಗಿನವು ಪೂರ್ತಿ ಗಟ್ಟಿ.

"ಇನ್ನೂ ಕಾಲ ಮೀರಿಲ್ಲ," ಎಂದ ಮಂಚಯ್ಯ. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಹಿಡಿದ. "ನಾನ್ ಅಚ್ತೀನಿ ಅವ್ವಾರೆ. ನಂಗೆ ಸೂತ್ಕ ಇಲ್ಲ. ಈ ಮನೆ ಬೆಂಕಿಯೂ ಅಲ್ಲ ಇದು, ನನ್ ಬೆಂಕಿ. ನನ್ ಕೈಲಿರೋ ಬೆಂಕಿ ನಿಮ್ ಮನೇದು ಅಂತ ಯಾವತ್ತಾರ ಯಾರಾರ ಒಪ್ಪವ್ರಾ? ಬೈದ್ರೆ ನನ್ನ ಬೈಲಿ."

ಅವನು ಎಷ್ಟು ಸರಿಯಾಗಿ ಯೋಚಿಸಿದ್ದ! ಹಬ್ಬಕ್ಕೆ, ಮದುವೆಗೆ, ನೀರಿಗೆ, ಬಾಗಿಲಿಗೆ ಅವನನ್ನು ಹೊರಗಿಟ್ಟ ಕಟ್ಟಳೆಯೇ ಅವತ್ತು ನನ್ನ ಗಂಡನನ್ನು ಉಳಿಸಬಹುದಿತ್ತು. ನಾನು ಒಳಗೆ ಇಣುಕಿದೆ. ಹಜಾರದಲ್ಲಿ ಮೂವತ್ತು ಜನ ನೆಂಟರು ಕೂತಿದ್ದರು. ಹೊನ್ನಕ್ಕ ದೀಪದ ಮುಂದೆ ಕೂತು ಎಣ್ಣೆ ಬಿಡುತ್ತಿದ್ದರು. ಗಂಡ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು.

ನಾನು ಹೆದರಿದ್ದು ಸೂತಕಕ್ಕಲ್ಲ, ದೇವರಿಗೂ ಅಲ್ಲ. ಆಪರೇಷನ್ನಿನಲ್ಲಿ ಇವರು ಹೋಗಿಬಿಟ್ಟರೆ, ಸಾವಿನ ಮನೆಯಲ್ಲಿ ಬೆಂಕಿ ಹಚ್ಚಿಸಿದಳು, ಹೊಲೆಯನ ಕೈಯಲ್ಲಿ ಹಚ್ಚಿಸಿದಳು, ಗಂಡನನ್ನು ತಿಂದುಕೊಂಡಳು ಎಂದು ಇದೇ ಮೂವತ್ತು ಬಾಯಿ ಸಾಯುವವರೆಗೆ ಹೇಳುತ್ತದಲ್ಲ ಎಂದು ಹೆದರಿದೆ. ವಿಧವೆಯಾದ ಮೇಲಿನ ನನ್ನ ಮರ್ಯಾದೆಯನ್ನು ಯೋಚಿಸುತ್ತಾ ಅಲ್ಲಿ ನಿಂತಿದ್ದೆ, ಗಂಡ ಇನ್ನೂ ಬದುಕಿದ್ದಾಗಲೇ.

"ನಾಳಿಕೆ ಆಲುತುಪ್ಪ ಆಗೋಯ್ತದೆ ಮಂಚಯ್ಯ," ಎಂದೆ. "ಅಲ್ಲಿಗಂಟ ತಡೀತದೆ ಬುಡು."

"ತಡ್ಯಲ್ಲ ಅವ್ವಾರೆ."

"ತಡೀತದೆ."

ಅವನು ನನ್ನ ಮುಖ ನೋಡಿದ. ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನುಗ್ಗೆಮರದ ಕೆಳಗೆ ಹೋಗಿ ಕೂತ. ನಾನು ಬಾಗಿಲು ಮುಚ್ಚಿದೆ.

ಹಾಲುತುಪ್ಪ ಮುಗಿಸಿ ಬಂದು, ಒಲೆ ಹಚ್ಚಿದ ಮೇಲೆ ಪೆಟ್ಟಿಗೆಯ ಬಾಗಿಲು ತೆಗೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಎಲೆಯ ಮಡಿಕೆಯಿಂದ ತಿರುಳು ಸೋರಿ, ನಿಂಬೆಹುಳಿಯನ್ನೂ ಲೆಕ್ಕಿಸದೆ ಕಪ್ಪಾಗಿತ್ತು. ಇಪ್ಪತ್ತೇಳನ್ನೂ ಬಿಚ್ಚಿ ನೋಡಿದೆ. ನಡುವಿನ ಒಂದೆರಡರಲ್ಲಿ ಒಂದು ಚಮಚದಷ್ಟು ಹಸಿರು ಉಳಿದಿತ್ತು. ಅದನ್ನು ಕೆರೆದು ಬಟ್ಟಲಿಗೆ ಹಾಕಿ ಗಂಡನ ಮುಂದೆ ಹಿಡಿದೆ. ಅವರು ಮೂಸಿ ನೋಡಿದರು. ನನ್ನ ಮುಖ ನೋಡಿದರು. ಏನೂ ಕೇಳದೆ ತಿಂದು, "ಸಂದಾಗದೆ," ಎಂದರು. ಒಂದು ಗಳಿಗೆಗೆಲ್ಲ ಅದೂ, ಬೆಳಗಿನ ಗಂಜಿಯೂ ಹೊರಗೆ ಬಂತು.

ಉಳಿದದ್ದನ್ನು ತಿಪ್ಪೆಗೆ ಹಾಕಿದೆ. ನಾಯಿ ಮೂಸಿ ಬಿಟ್ಟು ಹೋಯಿತು.

ಹೊನ್ನಕ್ಕ ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡಿದರು. ಅವರು ಹಣೆ ಚಚ್ಚಿಕೊಳ್ಳಲಿಲ್ಲ, ಅಳಲಿಲ್ಲ. ಎಪ್ಪತ್ತು ದಾಟಿದ ಮುದುಕಿ ಮಾರನೆಯ ಬೆಳಿಗ್ಗೆ ಒಂದು ಕೈಚೀಲ ಹಿಡಿದು ಹೊರಟರು. ಹಾಸನಕ್ಕೆ ಬಸ್ಸು, ಅಲ್ಲಿಂದ ಸಕಲೇಶಪುರಕ್ಕೆ, ಅಲ್ಲಿಂದ ಕಾಲ್ನಡಿಗೆಯಲ್ಲಿ ತೋಟದಿಂದ ತೋಟಕ್ಕೆ. ಕನ್ನಡ ಬಾರದ ಮೇಸ್ತ್ರಿಗಳ ಮುಂದೆಲ್ಲ ಕೈಯಲ್ಲಿ ಹಣ್ಣಿನ ಆಕಾರ ಮಾಡಿ ತೋರಿಸಿದರಂತೆ. ನಾಲ್ಕನೆಯ ದಿನ ಹಿಂದಿರುಗಿದಾಗ ಪಾದ ಬಾತುಹೋಗಿತ್ತು. ಚೀಲದಲ್ಲಿ ಎರಡು ಎಳೆಕಾಯಿ ಇದ್ದವು. ಕಾಲವಲ್ಲದ ಕಾಲದಲ್ಲಿ ಅಷ್ಟು ಸಿಕ್ಕಿದ್ದೇ ಹೆಚ್ಚು. ನಮ್ಮ ಮಾವನ ಕೈಯಲ್ಲಿದ್ದ ಕಾಯಿಯನ್ನು ನಾನು ಮೊದಲೇ ರಾಗಿಯಲ್ಲಿ ಹೂತಿದ್ದೆ. ಅದು ಹಣ್ಣಾಗಿ ಎರಡು ಹೊತ್ತಿಗೆ ಬಂತು. ಹೊನ್ನಕ್ಕ ತಂದ ಎಳೆಕಾಯಿಗಳು ಹಣ್ಣಾಗಲಿಲ್ಲ, ಸುಕ್ಕುಗಟ್ಟಿ ಒಣಗಿದವು. ಅವರು ದಿನವೂ ರಾಗಿಯೊಳಗೆ ಕೈಹಾಕಿ ಒತ್ತಿ ನೋಡುತ್ತಿದ್ದರು.

ಬೇರೆ ಏನು ಮಾಡಲಿಲ್ಲ ನಾವು! ಎಮ್ಮೆಯ ಬೆಣ್ಣೆ ಕದಡಿದೆವು, ಕೊಬ್ಬರಿ ಹಾಲು ಹಿಂಡಿದೆವು, ಮೊಟ್ಟೆ ಕಲಸಿದೆವು. ಯಾವುದೂ ನಿಲ್ಲಲಿಲ್ಲ. ಸೋಮವಾರದ ತಕ್ಕಡಿಯಲ್ಲಿ ತೂಕ ಮೊದಲು ಮೂರು ಮುಕ್ಕಾಲಿನ ಕೆಳಗೆ ಬಂತು, ಆಮೇಲೆ ಮೂರೂವರೆಯ ಕೆಳಗೆ. ಒಂದು ಸೋಮವಾರ ಅವರೇ, "ಸಾಕು ಇಳ್ಸಿ, ಕಲ್ಲು ಎತ್ತಿ ಎತ್ತಿ ಮಂಚಯ್ಯಂಗೆ ಸೊಂಟ ನೋವು," ಎಂದರು. ಅವನು ಕಲ್ಲು ಎತ್ತುವಂತಿದ್ದದ್ದು ಅಂಗಳದಲ್ಲಾದ್ದರಿಂದ. ಅಂಗಳದಲ್ಲಿ ಅವನು ನನ್ನ ಗಂಡನನ್ನು ಮುಟ್ಟಿ ಎತ್ತಿ ಇಳಿಸುತ್ತಿದ್ದ, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸಾಯುವವನನ್ನು ಎತ್ತಲು ಯಾವ ಕೈಯಾದರೂ ಆಗುತ್ತದೆ.

ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಹಾಸನದ ಡಾಕ್ಟರು ತೂಕ ನೋಡಿದರು. ಎಂಬತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದಸರಾದಲ್ಲಿ ಚೆನ್ನಾಗಿತ್ತಲ್ಲಮ್ಮ. ಏನಾಯಿತು?" ಎಂದು ಕೇಳಿದರು.

ನನ್ನ ಗಂಡ ನನಗಿಂತ ಮುಂಚೆ ಹೇಳಿದರು: "ನಮ್ಮಪ್ಪ ಓಗ್ಬುಟ್ರಲ್ಲ ಸಾ, ಅದೇ ಯೋಚ್ನೆ."

ಅವರಿಗೆ ಎಲ್ಲವೂ ಗೊತ್ತಿತ್ತು. ಮಂಚಯ್ಯ ಬೆಂಕಿಪೊಟ್ಟಣ ಹಿಡಿದು ನಿಂತದ್ದನ್ನೂ, ನಾನು ಬೇಡವೆಂದದ್ದನ್ನೂ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಿದ್ದರು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟು ಹೇಳಲು ಹೋದಾಗ, "ಗೊತ್ತು ಬುಡು," ಎಂದು ನನ್ನ ಕೈಮೇಲೆ ಕೈಯಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಗಶಿರದಲ್ಲಿ, ಒಂದು ಬೆಳಿಗ್ಗೆ ಎಳೆಬಿಸಿಲಿಗೆ ಜಗಲಿಯ ಮೇಲೆ ಕೂರಿಸಿದ್ದೆ. ಒಳಗೆ ಹೋಗಿ ಗಂಜಿ ತರುವಷ್ಟರಲ್ಲಿ ಅವರು ಹೋಗಿದ್ದರು. ಪೆಟ್ಟಿಗೆಗೆ ಒರಗಿಕೊಂಡಿದ್ದರು. ಅದರ ಕೆಳಗೆ ಉರಿ ಇತ್ತು. ಇಡಲು ಏನೂ ಇಲ್ಲದಿದ್ದರೂ ಮಂಚಯ್ಯ ದಿನವೂ ಬತ್ತಿ ಕತ್ತರಿಸಿ ಅದನ್ನು ಉರಿಸುತ್ತಿದ್ದ.

ಈ ಸಲ ಸುದ್ದಿ ಹೊತ್ತು ಹೋಗಲು ಮಂಚಯ್ಯ ಒಪ್ಪಲಿಲ್ಲ. "ನಾನ್ ಇಲ್ಲೇ ಇರ್‍ತೀನಿ. ಬೇರೆಯೋರ್ನ ಕಳ್ಸಿ," ಎಂದು ನುಗ್ಗೆಮರದ ಕೆಳಗೆ ಕೂತುಬಿಟ್ಟ. ಊರಿನವರು ಗೊಣಗಿದರು. ಅವನು ಏಳಲಿಲ್ಲ.

ಹೆಣ ಎತ್ತಿದರು. ಅದೇ ಹೆಂಗಸರು, ಅದೇ ನೆಲ ತೊಳೆಯುವುದು. ಅಡುಗೆಮನೆಯ ಒಲೆಗೆ ನೀರು ಹಾಕಿದರು, ಹಂಡೆಯ ಒಲೆಗೆ ಹಾಕಿದರು. ನನ್ನ ಕೈಯಲ್ಲಿ ಏನೂ ಮಾಡಿಸಲಿಲ್ಲ, ನಾನು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನೆರೆಮನೆಯ ಮಲ್ಲಿಗಮ್ಮ ಹಿತ್ತಿಲಿಗೆ ಬಂದು ಪೆಟ್ಟಿಗೆಯ ಕೆಳಗಿನ ಉರಿಯನ್ನು ಕಂಡರು.

"ಅಯ್ಯೋ, ಇದೊಂದ್ ಉರೀತಾ ಅದೆಯಲ್ಲ," ಎಂದು ಊದಲು ಬಗ್ಗಿದರು.

ನಾನು ಏಳಬೇಕೆಂದುಕೊಂಡೆ. ಮಂಚಯ್ಯ ಆಗಲೇ ಎದ್ದು ನಿಂತಿದ್ದ. ನಮ್ಮಿಬ್ಬರಿಗಿಂತ ಮುಂಚೆ ಹೊಸ್ತಿಲಲ್ಲಿ ಕೂತಿದ್ದ ಹೊನ್ನಕ್ಕ, ತಲೆಯೆತ್ತದೆ, ಇಡೀ ಮನೆಗೆ ಕೇಳುವ ಹಾಗೆ ಹೇಳಿದರು:

"ಬುಡು ಮಲ್ಲಿಗಮ್ಮ. ಅದ್ರ ಒಳಗೆ ತಿನ್ನೋದು ಏನೂ ಇಲ್ಲ. ಅದೀಗ ದೀಪವೇ."

ಮಲ್ಲಿಗಮ್ಮ ಹಿಂದೆ ಸರಿದರು. ಹೊನ್ನಕ್ಕ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಅವರ ಕಡೆ ನೋಡಲಿಲ್ಲ, ಅವರೂ ನನ್ನ ಕಡೆ ನೋಡಲಿಲ್ಲ. ಮೂರು ದಿನವೂ ಅದು ಉರಿಯಿತು.